ಪಾರವ್ವ ತೆರಿಗೆ ಕಟ್ಟಿದ್ದು

ಹುಟ್ಟಿದಾಗಿನಿಂದ ಪಾರವ್ವನ ಹೆಸರು ಯಾವ ಗೋಡೆಯ ಮೇಲೂ ಬಂದಿರಲಿಲ್ಲ. ಅರವತ್ತಮೂರನೇ ವಯಸ್ಸಿನಲ್ಲಿ ಒಮ್ಮೆಲೇ ಬಂತು. ಇಂಡಿ ತಾಲೂಕಿನ ಅವಳ ಊರಿನ ಪಂಚಾಯಿತಿ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದರು. ಆದಾಯ ತೆರಿಗೆ ಕಟ್ಟುವವರಾದ್ದರಿಂದ ರೈತರಿಗೆ ಸರ್ಕಾರ ಕೊಡುವ ಹಣಕ್ಕೆ ಇವರು ಅರ್ಹರಲ್ಲ ಎಂದು. ಎಪ್ಪತ್ತು ಎಕರೆಯ ಗೌಡರ ಹೆಸರು ಅದರಲ್ಲಿ ಇರಲಿಲ್ಲ. ಗೌಡರು ಅಷ್ಟು ದಡ್ಡರಲ್ಲ. ಇದ್ದವರು ಒಬ್ಬ ಹೈಸ್ಕೂಲು ಮಾಸ್ತರರು, ಮಿಲಿಟರಿಯಿಂದ ನಿವೃತ್ತನಾಗಿ ಬಂದ ಒಬ್ಬಾತ, ಮತ್ತೆ ಮುಂಬೈ ಹತ್ತಿರದ ಟಿಟ್ವಾಳಾದಲ್ಲಿ ಮಗನ ಮನೆಯಲ್ಲಿ ಕೂತು ಜೋಳದ ರೊಟ್ಟಿ ಬಡಿದು ಮಾರುವ ಪಾರವ್ವ.

ಸುದ್ದಿ ಮುಟ್ಟಿಸಿದವಳು ಅವಳ ನೆಗೆಣ್ಣಿ ಸತ್ಯಮ್ಮ, ಗಂಡನ ತಮ್ಮನ ಹೆಂಡತಿ. ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದು, ಒಂದೇ ಒಲೆಯ ಮುಂದೆ ಇಪ್ಪತ್ತು ವರ್ಷ ಜಗಳಾಡಿ, ಎರಡು ವರ್ಷದ ಅಂತರದಲ್ಲಿ ಗಂಡಂದಿರನ್ನು ಕಳೆದುಕೊಂಡವರು. ಆಗಸ್ಟ್ ತಿಂಗಳ ಕೊನೆಯ ಒಂದು ಬೆಳಿಗ್ಗೆ, ಖಾನಾವಳಿಗೆ ಕೊಡಬೇಕಾದ ರೊಟ್ಟಿಯಲ್ಲಿ ಹದಿನೆಂಟನೆಯದನ್ನು ಪಾರವ್ವ ಬಡಿಯುತ್ತಿದ್ದಾಗ ಅವಳ ಫೋನು ಬಂತು.

"ಅಕ್ಕಾ, ನೀ ಮುಂಬೈದಾಗ ಸಾವಕಾರ್ತಿ ಆಗೀಯಂತ. ಗ್ವಾಡಿ ಮ್ಯಾಗ ಹಚ್ಯಾರ. ಮಂದಿ ನನ್ನ ಮಾರಿ ನೋಡಿ ನಗಾಕತ್ತಾರ."

ಪಾರವ್ವ ಚೇಷ್ಟೆ ಎಂದುಕೊಂಡು ನಕ್ಕಳು. ಸತ್ಯಮ್ಮ ನಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ಊರಲ್ಲಿ ಪಾರವ್ವನ ಹೆಸರಿಗೆ ಮೂರೂವರೆ ಎಕರೆ ಹೊಲವಿದೆ. ಹನ್ನೆರಡು ವರ್ಷದ ಹಿಂದೆ ಅವಳು ಮಗನ ಹತ್ತಿರ ಬಂದಾಗಿನಿಂದ ಅದನ್ನು ಪಾಲಿಗೆ ಮಾಡುತ್ತಿರುವವಳು ಸತ್ಯಮ್ಮ. ಮಕ್ಕಳಿಲ್ಲದ ಹೆಂಗಸು, ಹೊಲವೇ ಮನೆ, ಹೊಲವೇ ಮಗ. ರೈತರ ಖಾತೆಗೆ ವರ್ಷಕ್ಕೆ ಮೂರು ಸಲ ಎರಡೆರಡು ಸಾವಿರ ಬರತೊಡಗಿದಾಗ, ಹೊಲ ಪಾರವ್ವನ ಹೆಸರಿಗಿದ್ದದ್ದರಿಂದ ಹಣವೂ ಪಾರವ್ವನ ಖಾತೆಗೇ ಬಂತು. ಎಟಿಎಂ ಕಾರ್ಡನ್ನು ಅವಳೇ ಸತ್ಯಮ್ಮನ ಕೈಗಿಟ್ಟು, ಹೆಸರು ನನ್ನದಾದರೇನು, ಬೆವರು ನಿನ್ನದು, ಬೀಜಕ್ಕೂ ಟ್ರ್ಯಾಕ್ಟರಿಗೂ ಇಟ್ಟುಕೋ ಎಂದಿದ್ದಳು. ಪ್ರತಿಯಾಗಿ ಸುಗ್ಗಿ ಮುಗಿದ ಮೇಲೆ ಎರಡು ಚೀಲ ಬಿಳಿಜೋಳ ಖಾಸಗಿ ಬಸ್ಸಿನ ಹೊಟ್ಟೆಯಲ್ಲಿ ಟಿಟ್ವಾಳಾ ಪಕ್ಕದ ಕಲ್ಯಾಣಕ್ಕೆ ಬಂದು ಇಳಿಯುತ್ತಿತ್ತು. ಆ ಜೋಳದ್ದೇ ಈ ರೊಟ್ಟಿ.

ಮೂರು ಕಂತು ಬಂದಿರಲಿಲ್ಲ. ಬ್ಯಾಂಕಿನವರ ವಿಳಂಬ ಎಂದು ಸತ್ಯಮ್ಮ ಸುಮ್ಮನಿದ್ದಳು. ಈಗ ಗೋಡೆ ಮಾತಾಡಿತ್ತು. ಹೆಸರು ತೆಗೆದುಹಾಕುತ್ತಾರೆ, ಹಿಂದೆ ಪಡೆದ ಏಳು ಕಂತಿನ ಹದಿನಾಲ್ಕು ಸಾವಿರವನ್ನೂ ತಿರುಗಿ ಕಟ್ಟಬೇಕು, ತಕರಾರಿದ್ದರೆ ಮೂವತ್ತು ದಿನದೊಳಗೆ ಅರ್ಜಿ ಕೊಡಬೇಕು. ಹಿಂಗಾರಿ ಬಿತ್ತನೆಗೆ ಉಳಿದದ್ದೂ ಅಷ್ಟೇ ದಿನ. ಹಣ ಬರದಿದ್ದರೆ ದಸರೆ ಮುಗಿಸಿಕೊಂಡು ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಕೊಲ್ಹಾಪುರದ ಕಡೆ ಹೋಗಬೇಕಾದೀತು, ಗ್ಯಾಂಗಿನವನು ಆಗಲೇ ಮುಂಗಡದ ಮಾತು ತೆಗೆದಿದ್ದಾನೆ ಎಂದಳು ಸತ್ಯಮ್ಮ. ಅವಳಿಗೆ ಐವತ್ತೆಂಟು. ಮೊಣಕಾಲು ಎರಡೂ ಹೋಗಿವೆ. ತೆರಿಗೆಯೆಂದರೆ ಏನೆಂದು ತನಗೆ ಗೊತ್ತೇ ಇಲ್ಲ, ಇದು ಬೇರೆ ಯಾರೋ ಪಾರವ್ವ ಇರಬೇಕು, ಮಗ ಬಂದ ಕೂಡಲೇ ಸರಿಮಾಡಿಸುತ್ತೇನೆ ಎಂದು ಪಾರವ್ವ ಮಾತು ಕೊಟ್ಟಳು. ಮಾತು ಕೊಡುವುದಕ್ಕೆ ಏನು ಖರ್ಚು.

ಮಗ ಶಶಿಕಾಂತ್ ರಬಾಳೆಯ ಒಂದು ಪ್ಯಾಕಿಂಗ್ ಕಂಪನಿಯಲ್ಲಿ ಸ್ಟೋರ್‌ಕೀಪರ್. ಬೆಳಗಿನ ಆರರ ಲೋಕಲ್ ಹಿಡಿದು ಠಾಣೆ, ಅಲ್ಲಿ ಗಾಡಿ ಬದಲಿಸಿ ರಬಾಳೆ. ತಿರುಗಿ ಬರುವಾಗ ಅವನಿಗೆ ಮಾತಾಡುವುದಿರಲಿ, ಬೂಟು ಬಿಚ್ಚುವ ತ್ರಾಣವೂ ಇರುತ್ತಿರಲಿಲ್ಲ. ಪಾರವ್ವ ಭಾನುವಾರದ ತನಕ ಕಾದಳು. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಬಡಿಸಿ, ಮೊದಲ ತುತ್ತು ಒಳಗೆ ಹೋದ ಮೇಲೆ ವಿಷಯ ತೆಗೆದಳು. ಎರಡನೇ ತುತ್ತು ಅವನ ಕೈಯಲ್ಲೇ ನಿಂತಿತು. ಎಣ್ಣೆಗಾಯಿಗೆ ಉಪ್ಪು ಜಾಸ್ತಿಯಾಗಿದೆ ಎಂದ. ಆಗಿರಲಿಲ್ಲ.

ಬಾಯಿಬಿಟ್ಟವಳು ಸೊಸೆ ವೈಶಾಲಿ. ಸೋಲಾಪುರದವಳು, ಕಲ್ಯಾಣದ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲಿನ ಕೆಲಸ. ಸುತ್ತಿ ಬಳಸಿ ಮಾತಾಡುವುದು ಅವಳ ಜಾಯಮಾನದಲ್ಲಿಲ್ಲ.

"ಅತ್ತಿ, ಅದು ಬ್ಯಾರೆ ಪಾರವ್ವ ಅಲ್ಲ. ನೀವೇ. ಈ ಮನಿ ಲೋನಿಗೆ ನಿಮ್ಮ ಹೆಸರಿಲೆ ಟ್ಯಾಕ್ಸ್ ರಿಟರ್ನ್ ಭರಿಸೀವಿ."

ನಾಲ್ಕು ವರ್ಷದ ಹಿಂದಿನ ಕಥೆ ಆಗ ಹೊರಬಂತು. ಡೊಂಬಿವಲಿಯ ಬಾಡಿಗೆ ಖೋಲಿ ಬಿಟ್ಟು ಟಿಟ್ವಾಳಾದಲ್ಲಿ ಈ ಒಂದು ಬೆಡ್‌ರೂಮಿನ ಫ್ಲ್ಯಾಟು ಹಿಡಿಯುವಾಗ ಶಶಿಕಾಂತನ ಸಂಬಳಕ್ಕೆ ಬೇಕಾದಷ್ಟು ಸಾಲ ಹುಟ್ಟಲಿಲ್ಲ. ವೈಶಾಲಿಯ ಸಂಬಳ ಕೈಗೆ ಬರುತ್ತದೆ, ಕಾಗದದಲ್ಲಿ ಇಲ್ಲ. ಮನೆಯಲ್ಲಿ ಇನ್ಯಾರು ದುಡಿಯುತ್ತಾರೆ ಎಂದು ಸಾಲದ ಏಜೆಂಟ ಕೇಳಿದ. ಅಮ್ಮ ರೊಟ್ಟಿ ಮಾಡುತ್ತಾಳೆ ಎಂದು ಇವನು ನಗುತ್ತ ಹೇಳಿದ. ಏಜೆಂಟ ನಗಲಿಲ್ಲ. ತಿಂಗಳಿಗೆ ನಾಲ್ಕು ಸಾವಿರದ ರೊಟ್ಟಿಯನ್ನು ಅವನು ಕಾಗದದ ಮೇಲೆ ನಲವತ್ತೈದು ಸಾವಿರದ ಆಹಾರೋದ್ಯಮ ಮಾಡಿದ. ಪಾರವ್ವ ಅದರ ಮಾಲಕಿ. ಎರಡು ವರ್ಷದ ರಿಟರ್ನ್ ತುಂಬಿ, ನಂಬಿಕೆ ಬರಲಿ ಎಂದು ಒಂದಿಷ್ಟು ತೆರಿಗೆಯನ್ನೂ ಕಟ್ಟಿಸಿದ. ಸಾಲ ಪಾಸಾಯಿತು. ಒಮ್ಮೆಲೇ ನಿಲ್ಲಿಸಿದರೆ ಸಂಶಯ ಬರುತ್ತದೆಂದು ಅವನು ಹೆದರಿಸಿದ್ದಕ್ಕೆ ಆಮೇಲೂ ವರ್ಷಾವರ್ಷ ತುಂಬುತ್ತ ಬಂದಿದ್ದರು.

ಸಾಲದ ಕಾಗದಕ್ಕೆ ಸಹಿ ಹಾಕಿದ ದಿನ ಪಾರವ್ವನಿಗೆ ಚೆನ್ನಾಗಿ ನೆನಪಿತ್ತು. ಮಹಿಳಾ ಮಂಡಳದಲ್ಲಿ ಮೂರು ತಿಂಗಳು ಕೂತು ಸಹಿ ಕಲಿತಿದ್ದಳು. ಹೆಬ್ಬೆಟ್ಟು ಕೇಳಿದವರ ಮೇಲೆ ಸಿಟ್ಟಾಗುತ್ತಿದ್ದಳು. ಬ್ಯಾಂಕಿನ ತಣ್ಣನೆಯ ಕೋಣೆಯಲ್ಲಿ ಇಳಕಲ್ ಸೀರೆ ಉಟ್ಟು ಹನ್ನೊಂದು ಕಡೆ ಸಹಿ ಹಾಕಿ, ಇನ್ನೂ ಎಲ್ಲಾದರೂ ಇದೆಯೇ ಎಂದು ಕೇಳಿದ್ದಳು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ. ಆದರೆ ಅವಳಿಗೆ ಯಾರೂ ಓದಿ ಹೇಳಿರಲಿಲ್ಲ ಎಂಬುದೂ ಅಷ್ಟೇ ನಿಜ.

ಮರುದಿನ ಅವಳು ಮೊಮ್ಮಗಳು ಪೂನಂಳನ್ನು ಹಿಡಿದು ಕೂರಿಸಿ ಊರಿನ ರೈತ ಸಂಪರ್ಕ ಕೇಂದ್ರಕ್ಕೆ ಫೋನು ಹಚ್ಚಿಸಿದಳು. ಪೂನಂಗೆ ಹದಿನೇಳು; ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅತ್ತ ಕಡೆಯ ಸಾಹೇಬ ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಹೇಳಿದ. ದಾರಿ ಎರಡೇ. ತೆರಿಗೆ ಕಟ್ಟಿದ್ದು ತಪ್ಪು, ನನಗೆ ಅಂಥ ಆದಾಯವೇ ಇಲ್ಲ ಎಂದು ಅಫಿಡವಿಟ್ ಮಾಡಿ ಅರ್ಜಿ ಕೊಟ್ಟರೆ ವಿಚಾರಣೆಯಾಗಿ ಕಂತು ಮತ್ತೆ ಶುರುವಾಗಬಹುದು. ಇಲ್ಲವಾದರೆ ಸವಲತ್ತು ಬಿಟ್ಟುಕೊಟ್ಟೆ ಎಂದು ಆನ್‌ಲೈನಿನಲ್ಲಿ ಬರೆದು ಹಣ ಕಟ್ಟಿಬಿಡಬೇಕು. ಎರಡೂ ಮಾಡದೆ ಸುಮ್ಮನೆ ಕೂತರೆ ಹೊಲದ ಉತಾರೆಯ ಮೇಲೆ, ಅಂದರೆ ಪಹಣಿಯಲ್ಲಿ, ಬಾಕಿ ಏರುತ್ತದೆ. ಪಾರವ್ವನಿಗೆ ಮೊದಲನೆಯದು ಸಲೀಸಾಗಿ ಕಂಡಿತು. ಸತ್ಯ ಹೇಳಿದರೆ ಮುಗಿಯಿತಲ್ಲ. ಸಂಜೆ ಮಗ ಬರುತ್ತಲೇ ಹಾಗೆಂದು ಹೇಳಿ, ವಕೀಲರು ಎಲ್ಲಿ ಸಿಗುತ್ತಾರೆ ಎಂದಳು.

ಶಶಿಕಾಂತ್ ಎರಡು ದಿನ ಬಿಟ್ಟು ಕಲ್ಯಾಣಕ್ಕೆ ಹೋಗಿ ಏಜೆಂಟನನ್ನು ಕಂಡು ಬಂದ. ಏಜೆಂಟ ಚಹಾ ಕುಡಿಸಿ, ಅಫಿಡವಿಟ್ಟಿನ ಹೆಸರು ಎತ್ತಬೇಡ ಎಂದಿದ್ದ. ಆದಾಯ ಸುಳ್ಳು ಎಂದು ತಾಯಿ ಬರೆದುಕೊಟ್ಟ ದಿನ ಸಾಲದ ಕಾಗದವೂ ಸುಳ್ಳಾಗುತ್ತದೆ. ಬ್ಯಾಂಕಿನವರು ಪೂರ್ತಿ ಹಣ ಒಮ್ಮೆಗೇ ಕೇಳುತ್ತಾರೆ, ಮೇಲೆ ಕೇಸೂ ಹಾಕಬಹುದು. ಅವನ ಮಾತು ಎಷ್ಟು ನಿಜವೋ ಎಷ್ಟು ಹೆದರಿಕೆಯೋ ತಿಳಿಯುವ ಉಪಾಯ ಈ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬ್ಯಾಂಕಿನಲ್ಲಿ ಕೇಳೋಣವೆಂದರೆ, ಕೇಳುವುದೇ ಒಪ್ಪಿಕೊಂಡಂತೆ. ಅತ್ತ ದರಿ, ಇತ್ತ ಪುಲಿ.

ಆ ದಿನದ ಊಟ ಜಗಳದಲ್ಲೇ ಮುಗಿಯಿತು. ಸತ್ಯಮ್ಮ ಕಬ್ಬಿಗೆ ಹೋದರೆ ತಿರುಗಿ ಬರುವುದಿಲ್ಲ, ಆ ಮೊಣಕಾಲಿನಲ್ಲಿ ಕಬ್ಬಿನ ಮೋಳಿ ಹೊರುತ್ತ ಅಲ್ಲೇ ಬೀಳುತ್ತಾಳೆ ಎಂದು ಪಾರವ್ವ ಹೇಳಿದಳು. ಹದಿನಾಲ್ಕು ಸಾವಿರ ನಾವೇ ಕಟ್ಟುತ್ತೇವಲ್ಲ, ಚಿಗವ್ವನಿಂದ ಕೇಳುತ್ತಿಲ್ಲವಲ್ಲ ಎಂದ ಶಶಿಕಾಂತ್. ತಿಂದದ್ದನ್ನು ಕಕ್ಕುವ ಮಾತಲ್ಲ, ಮುಂದೆ ಉಣ್ಣುವ ಮಾತು ಎಂದಳು ಪಾರವ್ವ.

"ನಿನ್ನ ಸುಳ್ಳಿಗೆ ಆಕಿ ಯಾಕ ಉಪಾಸ ಬೀಳಬೇಕು?"

"ಯವ್ವಾ, ಆ ಸುಳ್ಳಿನ ಒಳಗ ನೀನೂ ಮಲಗ್ತಿ. ಡೊಂಬಿವಲಿ ಖೋಲಿ ಮರ್ತ್ಯಾ? ಮಳಿಗಾಲದಾಗ ಗಟಾರದ ನೀರು ಹಾಸಿಗಿಗೆ ಬರ್ತಿತ್ತು."

ವೈಶಾಲಿ ತಟ್ಟೆ ಎತ್ತುತ್ತ ನಿಂತವಳು ಬಂಗಾರದ ಬಳೆಯಿಲ್ಲದ ಕೈಯನ್ನು ಅತ್ತೆಯ ಮುಂದೆ ಹಿಡಿದಳು. "ಅತ್ತಿ, ನಮ್ಮಪ್ಪ ಹಾಕಿದ ನಾಕು ತೊಲಿ ಪಾಟ್ಲಿ ಈ ಮನಿಗೆ ಹೋಗ್ಯಾವ. ನಾ ಒಂದಿನಾನೂ ಅಂದಿಲ್ಲ. ಈಗ ಅಂತೀನಿ. ಈ ಮನಿ ಹೋತಂದ್ರ ನಾ ಮತ್ತ ಖೋಲಿಗೆ ಬರಾಂಗಿಲ್ಲ."

ಸೊಸೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಈ ಜಗಳದಲ್ಲಿ ಎಲ್ಲರ ಮಾತೂ ಖರೆ, ಅದೇ ಕಷ್ಟ.

ಮರುದಿನದಿಂದ ಪಾರವ್ವ ರೊಟ್ಟಿ ನಿಲ್ಲಿಸಿದಳು. ಜೋಳದ ಚೀಲದ ಬಾಯಿಗೆ ದಾರ ಕಟ್ಟಿ, ಇದು ಸತ್ಯಮ್ಮನ ಜೋಳ, ಅವಳದು ಇತ್ಯರ್ಥವಾಗುವ ತನಕ ಮುಟ್ಟುವುದಿಲ್ಲ ಎಂದಳು. ಸ್ಟೇಷನ್ ಪಕ್ಕದ ಖಾನಾವಳಿಯ ಲೋಕನಾಥ ಎರಡು ದಿನ ಫೋನು ಮಾಡಿದ, ಮೂರನೇ ದಿನ ಮನೆಗೇ ಬಂದ, ನಾಲ್ಕನೇ ದಿನ ಬೇರೆಯವರನ್ನು ಹುಡುಕುವ ಮಾತಾಡಿದ. ಮನೆಯಲ್ಲಿ ಬೆಳಿಗ್ಗೆ ಪಾವು, ಸಂಜೆ ಚಪಾತಿ. ಡಬ್ಬಿಯಲ್ಲಿ ತಣ್ಣನೆಯ ಚಪಾತಿ ಒಯ್ದ ಶಶಿಕಾಂತ್ ಅರ್ಧಕ್ಕರ್ಧ ತಿರುಗಿ ತಂದ. ರೊಟ್ಟಿಯ ಹಣದಲ್ಲೇ ಪೂನಂಳ ಕ್ಲಾಸಿನ ಫೀ ಹೋಗುತ್ತಿತ್ತು. ಸೆಪ್ಟೆಂಬರಿನ ಕಂತು ಹೋಗಲಿಲ್ಲ. ಹುಡುಗಿ ಯಾರ ಮೇಲೂ ರೇಗಲಿಲ್ಲ, ಕ್ಲಾಸಿಗೆ ಹೋಗುವ ಹೊತ್ತಿಗೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದಳು. ಅದನ್ನು ನೋಡಿದ ಪಾರವ್ವ ಒಂಬತ್ತನೇ ದಿನ ಚೀಲದ ದಾರ ಬಿಚ್ಚಿದಳು. ಬಡವರ ಸಿಟ್ಟು ದವಡೆಗೆ ಮೂಲ ಎಂದು ತನಗೆ ತಾನೇ ಅಂದುಕೊಂಡು ಹಿಟ್ಟು ನಾದಿದಳು.

ಮೊದಲ ನಾಲ್ಕು ದಿನದ ರೊಟ್ಟಿಯ ಹಣದಲ್ಲಿ ಐನೂರು ರೂಪಾಯಿಯನ್ನು ಯಾರಿಗೂ ಹೇಳದೆ ಪೂನಂಳ ಕೈಯಿಂದ ಸತ್ಯಮ್ಮನ ಸ್ವಂತ ಖಾತೆಗೆ ಹಾಕಿಸಿದಳು. ಮೂರನೇ ದಿನಕ್ಕೆ ಅದು ತಿರುಗಿ ಬಂತು. ಊರಿನ ಕಿರಾಣಿ ಅಂಗಡಿಯವನ ಕೈಯಿಂದ ಕಳಿಸಿ ಸತ್ಯಮ್ಮ ಫೋನು ಮಾಡಿದಳು. ನಿನ್ನ ರೊಟ್ಟಿ ರೊಕ್ಕ ನನಗೆ ಬೇಡ, ಮುಂಬೈ ಸಾವಕಾರ್ತಿ ದಾನ ಕಳಿಸಿದಳು ಎಂದು ಊರು ಇನ್ನಷ್ಟು ನಗುತ್ತದೆ, ನನಗೆ ಬರಬೇಕಾದ್ದು ಸರ್ಕಾರದ್ದು, ಅದನ್ನು ಬರುವ ಹಾಗೆ ಮಾಡು ಎಂದಳು. ಇಷ್ಟು ಹೇಳಿ, ದನಿ ತಗ್ಗಿಸಿ ಇನ್ನೊಂದು ಮಾತು ಕೇಳಿದಳು.

"ಅಕ್ಕಾ, ನೀ ಖರೇನ ಟ್ಯಾಕ್ಸ್ ತುಂಬೀಯೇನ?"

ಮಗ ಹೇಳಿಟ್ಟಿದ್ದ: ಊರಿನವರ ಮುಂದೆ ಸಾಲದ ಸುದ್ದಿ ಬಾಯಿಬಿಡಬೇಡ, ಊರ ಬಾಯಿಗೆ ಬೀಗವಿಲ್ಲ, ಅಲ್ಲಿಂದ ಯಾರು ಯಾರಿಗೆ ಹೇಳುತ್ತಾರೋ. ಪಾರವ್ವ ನಾಲಿಗೆ ಕಚ್ಚಿಕೊಂಡು, ನೋಡುತ್ತಿದ್ದೇವೆ, ಶಶಿ ಓಡಾಡುತ್ತಿದ್ದಾನೆ ಎಂದಳು. ಸತ್ಯಮ್ಮ ಹ್ಞೂಂ ಎಂದಳು. ಇಪ್ಪತ್ತು ವರ್ಷದ ಜಗಳದಲ್ಲಿ ಅವಳು ಎಂದೂ ಇಷ್ಟು ಸಣ್ಣದಾಗಿ ಹ್ಞೂಂ ಎಂದಿರಲಿಲ್ಲ.

ಓಡಾಡುತ್ತಿದ್ದಾನೆ ಎಂದದ್ದೇನೋ ಪೂರ್ತಿ ಸುಳ್ಳಲ್ಲ. ಶಶಿಕಾಂತ್ ಕಂಪನಿಯ ಪತ್ತಿನ ಸಂಘದಿಂದ ಹದಿನಾಲ್ಕು ಸಾವಿರ ಎತ್ತಲು ಓಡಾಡುತ್ತಿದ್ದ. ಎಷ್ಟು ಯೋಚಿಸಿದರೂ ಬೇರೆ ದಾರಿ ಅವನಿಗೆ ಕಾಣಲಿಲ್ಲ. ತಾಯಿಯ ಮುಖ ನೋಡಿ ಮಾತಾಡುವುದನ್ನು ಅವನು ಬಿಟ್ಟು ಎರಡು ವಾರವಾಗಿತ್ತು. ಹೇಳುವುದಿದ್ದರೆ ಮಗಳಿಗೆ ಹೇಳುತ್ತಿದ್ದ, ಅವಳು ಅಜ್ಜಿಗೆ ಹಿಂದಿಯಲ್ಲಿ ಹೇಳುತ್ತಿದ್ದಳು. ಅರ್ಜಿಯ ಮೂವತ್ತು ದಿನ ಕಳೆಯಲು ಎರಡು ದಿನ ಉಳಿದಿದ್ದಾಗ, ಮಹಾಲಯ ಅಮಾವಾಸ್ಯೆಯ ಆ ಭಾನುವಾರ, ಪೂಜೆ ಮುಗಿಸಿ ಎಲ್ಲರನ್ನೂ ಹೊರಕೋಣೆಯಲ್ಲಿ ಕೂರಿಸಿದ. ಹಣ ಸಿಕ್ಕಿದೆ, ಇವತ್ತೇ ಬಿಟ್ಟುಕೊಡುವ ಅರ್ಜಿ ತುಂಬಿ ಕೈತೊಳೆದುಕೊಳ್ಳೋಣ ಎಂದ.

ಹಿಟ್ಟು ನಾದುತ್ತಿದ್ದ ಪಾರವ್ವ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲೇ ಕೂತಳು. ಬೈಯಲಿಲ್ಲ, ಅಳಲಿಲ್ಲ. ಒಂದೇ ಕೇಳಿದಳು, ಮುಂದೆ ಎಂದಾದರೂ ಮತ್ತೆ ಹೆಸರು ಸೇರಿಸಬಹುದೇ ಎಂದು. ಪೂನಂ ಫೋನಿನ ಪರದೆಯ ಮೇಲಿನ ಸಣ್ಣ ಅಕ್ಷರ ಓದಿ, ಇಲ್ಲ ಎಂದು ತಲೆಯಾಡಿಸಿದಳು.

ಹುಡುಗಿ ಒಂದೊಂದಾಗಿ ತುಂಬಿದಳು: ಹೆಸರು, ಊರು, ಆಧಾರ ನಂಬರು. ಕೊನೆಗೆ ಬೆರಳು ನಿಂತಿತು. ಆರಂಕಿಯ ಓಟಿಪಿ ಬಂದಿದೆ, ಹತ್ತು ನಿಮಿಷದೊಳಗೆ ಹಾಕಬೇಕು. ಆದರೆ ಅದು ಬಂದದ್ದು ಈ ಮನೆಯ ಯಾರ ಫೋನಿಗೂ ಅಲ್ಲ. ಹಣ ಜಮೆಯಾದ ಮೆಸೇಜು ತಾನು ಕೇಳಿ ಹೇಳುವುದಕ್ಕಿಂತ ಅವಳಿಗೇ ನೇರವಾಗಿ ಹೋಗಲಿ ಎಂದು ಪಾರವ್ವ ಹಿಂದೆ ಈ ಹಣದ ಅರ್ಜಿಯಲ್ಲಿ ಸತ್ಯಮ್ಮನ ನಂಬರನ್ನೇ ಬರೆಸಿದ್ದಳು.

ಶಶಿಕಾಂತ್ ಮೊದಲ ಸಲ ತಾಯಿಯ ಕಡೆ ತಿರುಗಿದ. "ಫೋನ್ ಮಾಡಿ ನಂಬರ್ ಅಷ್ಟ ಕೇಳು, ಯವ್ವಾ. ಯಾಕ ಅಂತ ಹೇಳಬ್ಯಾಡ. ಆಮ್ಯಾಗ ನಾ ಊರಿಗೆ ಹೋಗಿ ತಿಳಿಸಿ ಹೇಳ್ತೀನಿ."

ಪೂನಂ ಫೋನು ಹಚ್ಚಿ ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟಳು. ಒಂದೇ ರಿಂಗಿಗೆ ಸತ್ಯಮ್ಮ ಎತ್ತಿದಳು. ಮೆಸೇಜು ಬಂದದ್ದು ಅವಳಿಗೆ ಆಗಲೇ ಗೊತ್ತಿತ್ತು. ವರ್ಷದಿಂದ ಕಂತಿನ ಮೆಸೇಜು ಒಂದೂ ಬಂದಿರಲಿಲ್ಲವಂತೆ, ಈಗ ಫೋನು ಟಣ್ ಎಂದಿತಂತೆ. ದನಿಯಲ್ಲಿ ನಗು ತುಳುಕುತ್ತಿತ್ತು. ಅವಳಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ನಂಬರು ಹೇಳು ಎಂದಳು ಪಾರವ್ವ. ಸತ್ಯಮ್ಮ ಒಂದೊಂದೇ ಅಂಕಿ ಬಿಡಿಸಿ ಓದಿದಳು. ಎರಡು. ಒಂಬತ್ತು. ಮತ್ತೂ ಒಂಬತ್ತು. ಸೊನ್ನೆ. ಆರು. ಪೂನಂ ಒತ್ತುತ್ತ ಹೋದಳು. ಐದು ಅಂಕಿ ಆದ ಮೇಲೆ ಸತ್ಯಮ್ಮ ನಿಲ್ಲಿಸಿದಳು.

"ಅಕ್ಕಾ, ಇದನ್ನ ಹೇಳಿದ್ರ ರೊಕ್ಕ ಮತ್ತ ಚಾಲೂ ಆಗ್ತದ, ಹೌದಿಲ್ಲ? ಟ್ರ್ಯಾಕ್ಟರಿನವಗ ನಾಳಿ ಬಾ ಅಂತ ಹೇಳ್ಲಿ?"

ಶಶಿಕಾಂತ್ ಹ್ಞೂಂ ಅನ್ನು ಎಂದು ಕೈಸನ್ನೆ ಮಾಡಿದ. ವೈಶಾಲಿ ಗೋಡೆ ನೋಡುತ್ತಿದ್ದಳು. ಪಾರವ್ವ ಆ ಹೆಂಗಸಿನ ಜೊತೆ ಉಪ್ಪಿಗೆ ಜಗಳಾಡಿದ್ದಳು, ಕೊಡಕ್ಕೆ ಜಗಳಾಡಿದ್ದಳು, ಒಮ್ಮೆ ಬದುವಿನ ಮೇಲೆ ಜುಟ್ಟು ಹಿಡಿದೂ ಜಗಳಾಡಿದ್ದಳು. ಮೋಸ ಮಾಡಿರಲಿಲ್ಲ.

"ಇಲ್ಲ ಸತ್ಯಮ್ಮ. ಇದನ್ನ ಹೇಳಿದ್ರ ಇನ್ನ ಎಂದೂ ಬರಾಂಗಿಲ್ಲ."

ಅತ್ತ ಕಡೆ ಯಾರೋ ಎಮ್ಮೆ ಹೊಡೆದುಕೊಂಡು ಹೋಗುವ ಸದ್ದು ಕೇಳಿಸಿತು. ಶಶಿಕಾಂತ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಹೇಳಲಿಲ್ಲಂದ್ರ?"

"ಈ ಮನಿ ಹೋಗ್ತದ. ನಮ್ಮದ ತಪ್ಪು. ನಿಂದೇನಿಲ್ಲ."

ಸತ್ಯಮ್ಮ ಮನೆ ಯಾಕೆ ಹೋಗುತ್ತದೆ ಎಂದು ಕೇಳಲಿಲ್ಲ. ತಪ್ಪು ಏನೆಂದೂ ಕೇಳಲಿಲ್ಲ.

"ಮುಂಜಾನಿ ಗ್ಯಾಂಗಿನವ ಬಂದಿದ್ದ," ಎಂದಳು. "ಬರಾಂಗಿಲ್ಲ ಅಂತ ಕಳಿಸಿಬಿಟ್ಟೆ." ಅದರ ಹಿಂದೆಯೇ, "ನಾಕು," ಎಂದಳು. ಫೋನು ಕಟ್ಟಾಯಿತು.

ಪೂನಂ ಒತ್ತಲಿಲ್ಲ. ಫೋನನ್ನು ಅಜ್ಜಿಯ ಮುಂದೆ ಸರಿಸಿ, "ಮೈ ನಹೀ ಡಾಲೂಂಗಿ, ಆಜಿ," ಎಂದು ಎದ್ದು ಬಾಲ್ಕನಿಗೆ ಹೋದಳು. ಮೂರು ನಿಮಿಷ ಉಳಿದಿತ್ತು. ಮಗನೂ ಸೊಸೆಯೂ ಕೈ ಚಾಚಲಿಲ್ಲ. ಪಾರವ್ವ ಕೈಗೆ ಹತ್ತಿದ್ದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, ಕಣ್ಣ ಹತ್ತಿರ ಫೋನು ಹಿಡಿದು, ನಾಲ್ಕನ್ನು ಹುಡುಕಿ ತಾನೇ ಒತ್ತಿದಳು.